ಮಾತ್ರೆಗೆ ಮೊದಲು ಟೆಸ್ಟು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸರ್. ಹೋದ ವರ್ಷದ ಆಷಾಢದಲ್ಲಿ ನಮ್ಮಮ್ಮನ ಶ್ವಾಸಕೋಶದ ಒಂದು ಚೂರನ್ನು ಬ್ಯಾಗಿನಲ್ಲಿಟ್ಟುಕೊಂಡು ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಓಡಾಡಿದ್ದೇನೆ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಅಂತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಆಸ್ಪತ್ರೆಯ ಕೌಂಟರಿನಲ್ಲಿ ಸಹಿ ಹಾಕಿ ಅದನ್ನು ಇಸ್ಕೊಂಡು, ಕ್ಯಾನ್ಸರಿನ ಜೀನ್ ಟೆಸ್ಟಿಗೆ ಅಂತ ಊರಿನ ಇನ್ನೊಂದು ತುದಿಯ ಖಾಸಗಿ ಲ್ಯಾಬಿಗೆ ಕೊಟ್ಟು ಬರಬೇಕಿತ್ತು. ಕಳೆದುಹೋದರೆ ಅಮ್ಮನಿಗೆ ಮತ್ತೆ ಸೂಜಿ ಚುಚ್ಚಬೇಕಾಗುತ್ತದೆ ಅಂತ ಬೇರೆ ಹೇಳಿದ್ದರು. ದಾರಿಯುದ್ದಕ್ಕೂ ಬ್ಯಾಗಿನ ಮೇಲಿಂದ ಕೈ ತೆಗೆಯಲಿಲ್ಲ.

ಅಮ್ಮ ಜೀವನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ. ಕೆಮ್ಮು ಬಂತು, ಊರಲ್ಲಿ ಟಿಬಿ ಇರಬೇಕು ಅಂದರು, ಎರಡು ತಿಂಗಳು ಟಿಬಿ ಮಾತ್ರೆ ನುಂಗಿದ್ದೂ ಆಯಿತು. ಆಮೇಲೆ ಗೊತ್ತಾಗಿದ್ದು ಅಡಿನೋಕಾರ್ಸಿನೋಮ ಅನ್ನೋ ಬಗೆಯ ಶ್ವಾಸಕೋಶದ ಕ್ಯಾನ್ಸರ್. ಡಾಕ್ಟರು, "ಔಷಧಿ ಯಾವುದು ಅಂತ ಇನ್ನೂ ಹೇಳೋಕಾಗಲ್ಲ, ಮೊದಲು ಇಜಿಎಫ್‌ಆರ್ ಟೆಸ್ಟ್ ಮಾಡಿಸಿ" ಅಂದರು. ಗಡ್ಡೆಯ ಒಂದು ಜೀನ್ ಬದಲಾಗಿದೆಯಾ ಅಂತ ನೋಡುವ ಪರೀಕ್ಷೆ ಅದು. ನಮ್ಮ ಹತ್ತಿರ ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಅಂತ ನಂಬಿಕೊಂಡು ಬಂದಿದ್ದೆವು. ಈ ಟೆಸ್ಟ್ ಮಾತ್ರ ಅದರಲ್ಲಿ ಬರಲ್ಲ, ನೀವೇ ಕಟ್ಟಿ ಅಂದರು. ನನ್ನ ಬಳೆ ಅಡವಿಟ್ಟು ಕಟ್ಟಿದೆ.

ರಿಪೋರ್ಟ್ ಬರಲು ಹದಿನೇಳು ದಿನ ಹಿಡಿಯಿತು. ಇಜಿಎಫ್‌ಆರ್ ಅನ್ನೋ ಜೀನ್‌ನಲ್ಲಿ ಒಂದು ತುಣುಕು ಬಿಟ್ಟುಹೋಗಿದೆ, ಅದರಿಂದ ಜೀವಕೋಶಕ್ಕೆ 'ಬೆಳಿ, ಬೆಳಿ' ಅಂತ ಹೇಳುವ ಸ್ವಿಚ್ಚು ಆಫ್ ಆಗದೆ ಉಳಿದುಬಿಟ್ಟಿದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ನನಗೂ ಬರುತ್ತಾ ಅಂತ ಹೆದರುತ್ತಲೇ ಕೇಳಿದೆ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ ಅನ್ನೋ ಜೀನಿನ ದೋಷ ಹುಟ್ಟಿನಿಂದಲೇ ಬರಬಹುದು, ಇದು ಹಾಗಲ್ಲ, ಗಡ್ಡೆಯೊಳಗೆ ಮಾತ್ರ ಆದ ಬದಲಾವಣೆ ಅಂದರು. ಆ ಸ್ವಿಚ್ಚನ್ನೇ ಅದುಮುವ ಮಾತ್ರೆ ಇದೆ, ಜೆಫಿಟಿನಿಬ್, ಈಗ ನಮ್ಮ ದೇಶದ ಕಂಪನಿಗಳೇ ಜೆನೆರಿಕ್ ಮಾಡುತ್ತವೆ. ದಿನಕ್ಕೆ ಒಂದು. ಅಮ್ಮ ಈಗ ಮನೆಯಲ್ಲಿ ಹೂವಿನ ಗಿಡಕ್ಕೆ ನೀರು ಹಾಕಿಕೊಂಡಿದ್ದಾರೆ.

ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಸಿಂಧನೂರು ಕಡೆಯ ಒಬ್ಬರು ಅಜ್ಜ ಇದ್ದರು. ಅದೇ ಕಾಯಿಲೆ, ಅವರಿಗೂ ಅದೇ ಟೆಸ್ಟಿನ ಚೀಟಿ ಬರೆದುಕೊಟ್ಟಿದ್ದರು. ಮಗ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ, ಅಷ್ಟೇ. ಅಜ್ಜನಿಗೆ ಕೀಮೋ ಶುರುವಾಯಿತು. ಭಾರತದಲ್ಲಿ ಈ ಬಗೆಯ ಕ್ಯಾನ್ಸರ್ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಬದಲಾವಣೆ ಸಿಗುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ಜಾಸ್ತಿ. ಅಜ್ಜನ ಬ್ಲಾಕಿನಲ್ಲಿ ಏನಿತ್ತೋ, ಯಾರೂ ನೋಡಲೇ ಇಲ್ಲ.

ಹಾಗಾದರೆ ಎಲ್ಲರಿಗೂ ಸುಮ್ನೆ ಮಾತ್ರೆ ಕೊಟ್ಟುಬಿಡಬಹುದಲ್ವಾ ಅಂತ ನಾನೂ ಯೋಚಿಸಿದ್ದೆ. ಆಗಲ್ಲ. 2009ರಲ್ಲಿ ಪ್ರಕಟವಾದ ಐಪಾಸ್ ಅನ್ನೋ ಅಧ್ಯಯನದಲ್ಲಿ ಪೂರ್ವ ಏಷ್ಯಾದ 1,217 ರೋಗಿಗಳಿದ್ದರು, ಹೆಚ್ಚಿನವರು ಅಮ್ಮನ ಹಾಗೆ ಸಿಗರೇಟು ಸೇದದವರು. ಬದಲಾವಣೆ ಇದ್ದವರಲ್ಲಿ ಕೀಮೋಗಿಂತ ಜೆಫಿಟಿನಿಬ್ ಕ್ಯಾನ್ಸರನ್ನು ಹೆಚ್ಚು ಕಾಲ ತಡೆಯಿತು. ಇಲ್ಲದವರಲ್ಲಿ ಉಲ್ಟಾ, ಅವರಿಗೆ ಕೀಮೋನೇ ಎಷ್ಟೋ ವಾಸಿ. ಅಂದರೆ ಟೆಸ್ಟ್ ಅನ್ನುವುದು ಚಿಕಿತ್ಸೆಯ ಮೇಲಿನ ಅಲಂಕಾರ ಅಲ್ಲ ಸರ್, ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ. ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿ ಮಲೇರಿಯಾನೋ ಟೈಫಾಯ್ಡೋ ಅಂತ ನೋಡಲ್ವಾ, ಹಾಗೇ ಇದು.

2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕ ತೆಗೆದುಹಾಕಿತು. ಒಂದು ಒಸಿಮೆರ್ಟಿನಿಬ್, ಇದೇ ಇಜಿಎಫ್‌ಆರ್‌ನ ಮಾತ್ರೆ. ಒಳ್ಳೆಯದೇ. ಆದರೆ ಟೆಸ್ಟ್ ಮಾಡಿಸದವನಿಗೆ ಆ ಮಾತ್ರೆ ಬರೆಯುವವರು ಯಾರು? ಬೀಗದ ರೇಟು ಇಳಿಸಿ ಕೀಲಿ ಕೊಡದ ಹಾಗಾಯಿತು.

ಇನ್ನು ನಮ್ಮ ಬೆಂಗಳೂರು. ಹತ್ತು ಸಾವಿರ ಭಾರತೀಯರ ಜೀನೋಮ್, ಅಂದರೆ ಎಲ್ಲ ಜೀನ್‌ಗಳ ಪೂರ್ತಿ ಬರಹ, ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದ ಮೆದುಳು ಸಂಶೋಧನಾ ಕೇಂದ್ರ. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದಾಗ ಎಲ್ಲ ಕಡೆ ಸುದ್ದಿ. ನಿಜ ಹೇಳಬೇಕೆಂದರೆ ಅದು ಗಡ್ಡೆಗಳ ಲೆಕ್ಕವಲ್ಲ, ಅದರಿಂದ ನಾಳೆಯೇ ಅಮ್ಮನಿಗೆ ಅನುಕೂಲವೇನೂ ಆಗಲ್ಲ, ಅದು ಬೇರೆ ಕೆಲಸ. ನನಗೆ ಹೊಟ್ಟೆ ಉರಿಯುವುದು ಜೀನ್ ಓದುವ ಯಂತ್ರ, ಅದನ್ನು ಬಲ್ಲವರು ಎಲ್ಲ ಇದೇ ಊರಿನಲ್ಲಿದ್ದೂ ಬ್ಲಾಕ್ ಮಾತ್ರ ನನ್ನ ಬ್ಯಾಗಿನಲ್ಲಿ ಹೋಗಬೇಕಾಯಿತಲ್ಲ ಅಂತ.

ಹಾಗಾಗಿ ಕೇಳುತ್ತಿರುವುದು ಇಷ್ಟೇ. ಬಯಾಪ್ಸಿ ರಿಪೋರ್ಟಿನ ಜೊತೆಗೇ ಈ ಟೆಸ್ಟ್ ಕೂಡ ಕಾರ್ಡಿನಲ್ಲಿ ಆಗಲಿ, ಪೂರ್ತಿಯಾಗಿ. ರಾಯಚೂರಾಗಲಿ ಬೀದರ್ ಆಗಲಿ, ಬ್ಲಾಕ್ ಸಾಗಿಸುವ ಕೆಲಸ ಆಸ್ಪತ್ರೆಯದ್ದಾಗಲಿ. ಕಾರ್ಡು ನಿಮ್ಮ ಇಲಾಖೆಗೆ, ಕಿದ್ವಾಯಿಯಂಥ ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಗೆ ಸೇರುತ್ತದಂತೆ. ನೀವಿಬ್ಬರು ಸಚಿವರು ಒಮ್ಮೆ ಕೂತು ಮಾತಾಡಿಕೊಳ್ಳಿ, ನಾವು ಎರಡು ಕಡೆ ಅಲೆಯೋಕಾಗಲ್ಲ. ಹಾಂ, ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಅಮ್ಮನ ಸ್ಯಾಂಪಲ್ ಸಂಶೋಧನೆಗೂ ಬಳಸಬಹುದು ಅನ್ನುವ ಸಾಲು ಇಂಗ್ಲಿಷಿನಲ್ಲಿತ್ತು, ಅವರು ಓದದೆಯೇ ಸಹಿ ಹಾಕಿದರು.

ಇನ್ನೊಂದು ವಿಷಯ. ಅಮ್ಮನ ಈ ಮಾತ್ರೆ ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಸೋಲಲು ಶುರುಮಾಡುತ್ತದೆ, ಗಡ್ಡೆ ಹೊಸ ದಾರಿ ಹುಡುಕಿಕೊಳ್ಳುತ್ತದೆ. ಸುಮಾರು ಅರ್ಧ ಜನರಲ್ಲಿ ಆ ದಾರಿ ಅಂದರೆ ಅದೇ ಜೀನ್‌ನಲ್ಲಿ ಆಗುವ ಇನ್ನೊಂದು ಬದಲಾವಣೆ, ಹೆಸರು ಟಿ790ಎಂ, ಅದಕ್ಕೆ ಒಸಿಮೆರ್ಟಿನಿಬ್ ಇದೆ. ಆದರೆ ಅದು ಟಿ790ಎಂ ಹೌದೋ ಅಲ್ಲವೋ ಅಂತ ತಿಳಿಯಲು ಮತ್ತೆ ಟೆಸ್ಟ್ ಆಗಬೇಕು. ಅಮ್ಮ ಮಾತ್ರೆ ಶುರುಮಾಡಿ ಹತ್ತು ತಿಂಗಳಾಯಿತು. ಮುಂದಿನ ಸ್ಕ್ಯಾನ್ ದೀಪಾವಳಿ ಕಳೆದ ಮೇಲೆ. ಬಳೆ ಇನ್ನೂ ಬಿಡಿಸಿಲ್ಲ.

ಇಂತಿ,
ತರೀಕೆರೆಯಿಂದ ಒಬ್ಬ ಮಗಳು