ಏರ್‌ವರ್ದಿನೆಸ್ ಡೈರೆಕ್ಟಿವ್ ಹಂಚುವಾಗ ಗಮನಿಸಿ

ಎಲ್ಲರಿಗೂ ನಮಸ್ಕಾರ.

ಏರ್‌ವರ್ದಿನೆಸ್ ಡೈರೆಕ್ಟಿವ್ ಅಂದರೆ ವಿಮಾನದ ಸುರಕ್ಷತೆಗೆ ಧಕ್ಕೆ ತರುವ ದೋಷ ಕಂಡಾಗ ಅದನ್ನು ಸರಿಪಡಿಸಲು ವಿಮಾನಯಾನ ನಿಯಂತ್ರಕರು ಹೊರಡಿಸುವ ಆದೇಶ. ಇದರ ಮೊದಲ ಪುಟದ ಫೋಟೋ ಮಾತ್ರ ಗುಂಪಿಗೆ ಹಾಕಬೇಡಿ, ಪೂರ್ತಿ ಪ್ರತಿ ಹಾಕಿ. ಅದು ಯಾವ ಮಾದರಿಗೆ, ಯಾವ ಸೀರಿಯಲ್ ನಂಬರಿಗೆ ಅನ್ವಯಿಸುತ್ತದೆ ಅನ್ನುವುದೇ ಮುಖ್ಯ ಅಲ್ವಾ? ಎಂಜಿನ್, ಪ್ರೊಪೆಲ್ಲರ್‌ಗಳಿಗೆ ಬೇರೆಯೇ ಡೈರೆಕ್ಟಿವ್ ಬರುತ್ತದೆ. ವಿಮಾನದ ಹೆಸರಲ್ಲಿ ಮಾತ್ರ ಹುಡುಕಿದರೆ ಅದು ತಪ್ಪಿಹೋಗಬಹುದು.

ತಯಾರಕರ ಸರ್ವಿಸ್ ಬುಲೆಟಿನ್ (ಅವರು ಕೊಡುವ ತಾಂತ್ರಿಕ ಸೂಚನೆ) ಬೇರೆ, ಇದು ಬೇರೆ. ಡೈರೆಕ್ಟಿವ್ ಕಾನೂನು. ಗಡುವು ಮೀರಿದರೆ ಹಾರುವಂತಿಲ್ಲ.

ಗಡುವನ್ನು ಸರಿಯಾಗಿ ಓದಿ. ಕೆಲವದು ಹಾರಾಟದ ಗಂಟೆಯಲ್ಲಿ, ಕೆಲವದು ತಿಂಗಳಲ್ಲಿ, ಕೆಲವದು ಸೈಕಲ್‌ನಲ್ಲಿ ಇರುತ್ತದೆ. ಒಂದು ಟೇಕಾಫ್, ಒಂದು ಲ್ಯಾಂಡಿಂಗ್ ಸೇರಿದರೆ ಒಂದು ಸೈಕಲ್. 1988ರಲ್ಲಿ ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಭಾಗ ಆಕಾಶದಲ್ಲೇ ಕಿತ್ತುಹೋಯಿತು, ಒಬ್ಬ ಗಗನಸಖಿ ತೀರಿಕೊಂಡರು. ಆ ವಿಮಾನ 89,000ಕ್ಕೂ ಹೆಚ್ಚು ಸೈಕಲ್ ಮುಗಿಸಿತ್ತು. ಚಿಕ್ಕ ಚಿಕ್ಕ ಹಾರಾಟ, ಪ್ರತಿ ಸಲ ಕ್ಯಾಬಿನ್ ಒತ್ತಡ ಏರಿ ಇಳಿದು, ತಗಡಿನ ಜೋಡಣೆಯಲ್ಲಿ ಸಣ್ಣ ಬಿರುಕುಗಳು ಬೆಳೆದಿದ್ದವು. ಗಂಟೆ ಮಾತ್ರ ಲೆಕ್ಕ ಹಾಕಿದರೆ ಈ ಸವೆತ ಕಾಣುವುದಿಲ್ಲ.

ಹೆಲಿಕಾಪ್ಟರ್ ನೋಡಿಕೊಳ್ಳುವವರು ಗೇರ್‌ಬಾಕ್ಸ್ ಬಗ್ಗೆ ಇನ್ನೂ ಹುಷಾರಾಗಿರಿ. 2016ರಲ್ಲಿ ನಾರ್ವೆಯಲ್ಲಿ ಒಂದು ಹೆಲಿಕಾಪ್ಟರ್‌ನ ಗೇರ್‌ಬಾಕ್ಸ್‌ನೊಳಗಿನ ಒಂದು ಗೇರ್ ಬಿರುಕು ಬಿಟ್ಟು ಮುರಿಯಿತು. ಮುಖ್ಯ ರೋಟರ್ (ಮೇಲೆ ತಿರುಗುವ ರೆಕ್ಕೆಗಳು) ಕಳಚಿಬಿತ್ತು, ಒಳಗಿದ್ದ 13 ಜನರೂ ಸತ್ತರು.

ಕೆಲಸ ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಡೈರೆಕ್ಟಿವ್ ನಂಬರ್, ದಿನಾಂಕ, ಮಾಡಿದ ವಿಧಾನ ಬರೆಯಿರಿ. ಮತ್ತೆ ಮತ್ತೆ ಮಾಡಬೇಕಾದ ತಪಾಸಣೆಯಾದರೆ ಮುಂದಿನ ಗಡುವನ್ನೂ ಅಲ್ಲೇ ಬರೆಯಿರಿ. ತುರ್ತು ಡೈರೆಕ್ಟಿವ್ ಬಂದರೆ ರಾತ್ರಿಯಾದರೂ ಸರಿ, ಕೂಡಲೇ ಇಲ್ಲಿ ಹಾಕಿ.