ಶಾಲೆಯ ವರಾಂಡದಲ್ಲಿ ಒಂದು ಕುಣಿಯುವ ದಾರಿ ಬರೆಸಿಕೊಡಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನನ್ನ ಮಗ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಹತ್ತು ನಿಮಿಷ ಒಂದೇ ಕಡೆ ಕೂರಲಾರ. ಪೆನ್ಸಿಲ್ ಕಚ್ಚುತ್ತಾನೆ, ಪಕ್ಕದವನಿಗೆ ಒರಗುತ್ತಾನೆ, ಎದ್ದು ಬಾಗಿಲಿಗೆ ಓಡುತ್ತಾನೆ. ತಂಟೆಕೋರ ಅನ್ನುವ ಹೆಸರು ಬಂದಾಗ ನಾನೂ ಬೈದಿದ್ದೇನೆ, ಹೊಡೆದೂ ಇದ್ದೇನೆ. ಆಮೇಲೆ ಥೆರಪಿಸ್ಟ್ ಒಬ್ಬರು ಅವನಿಂದ ಎರಡೂ ಅಂಗೈ ಊರಿ ಗೋಡೆ ತಳ್ಳಿಸಿದರು. ಕಪ್ಪೆಯ ಹಾಗೆ ಕುಪ್ಪಳಿಸು ಅಂದರು, ಗೆರೆಯ ಮೇಲೆ ತುದಿಗಾಲಲ್ಲಿ ನಡೆಸಿದರು. ಐದು ನಿಮಿಷ ಆಗಿರಬಹುದು. ಕೂತವನು 'ಅ'ದಿಂದ 'ಔ'ವರೆಗೆ ಏಳದೆ ತಿದ್ದಿದ.

ಇಂದ್ರಿಯ ಐದೇ ಎಂದು ನಾವು ಓದಿದವರು. ಆದರೆ ಸಮತೋಲನದ ಸುದ್ದಿ ಕೊಡುವ ಅಂಗ ಕಿವಿಯೊಳಗಿದೆ. ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕುತ್ತಿದೆ ಎಂಬುದನ್ನು ಸ್ನಾಯುಗಳೂ ಕೀಲುಗಳೂ ಮಿದುಳಿಗೆ ಹೇಳುತ್ತಿರುತ್ತವೆ. ಕೆಲವು ಮಕ್ಕಳಿಗೆ ಈ ಸುದ್ದಿ ಸಾಲುವುದಿಲ್ಲ, ಅದನ್ನು ಹುಡುಕಿಕೊಂಡೇ ಅವರು ಎದ್ದು ಓಡುವುದು. ಅದಕ್ಕೇ ಹಲವು ದೇಶಗಳ ಶಾಲೆಗಳಲ್ಲಿ ನೆಲ, ಗೋಡೆಗಳ ಮೇಲೆ ಹೆಜ್ಜೆ, ಅಂಗೈ, ಅಂಕುಡೊಂಕು ಗೆರೆ ಬರೆದಿರುತ್ತಾರೆ. ಮಕ್ಕಳು ಆ ಗುರುತುಗಳ ಮೇಲೆ ಕುಪ್ಪಳಿಸುತ್ತ, ಗೋಡೆ ತಳ್ಳುತ್ತ ಸಾಗುತ್ತಾರೆ. ಇದನ್ನು 'ಸೆನ್ಸರಿ ಪಾಥ್' ಅನ್ನುತ್ತಾರೆ, ನಾನು ಕುಣಿಯುವ ದಾರಿ ಅಂದದ್ದು ಇದಕ್ಕೇ.

ಮುಖ್ಯ ಶಿಕ್ಷಕಿಯವರನ್ನು ಕೇಳಿ, ಒಂದು ಶನಿವಾರ ವರಾಂಡದಲ್ಲಿ ಸೀಮೆಸುಣ್ಣದಿಂದ ನಾನೇ ಒಂದು ದಾರಿ ಬರೆದೆ. "ಅಕ್ಕಾ, ಇದು ನಮ್ಮ ಕುಂಟೆಬಿಲ್ಲೆ ಅಲ್ವಾ?" ಅಂತ ನಾಲ್ಕನೇ ತರಗತಿಯ ಹುಡುಗಿ ಲಂಗ ಎತ್ತಿಕೊಂಡು ಒಂಟಿಗಾಲಲ್ಲಿ ಹಾರಿಯೇಬಿಟ್ಟಳು. ನನ್ನ ಮಗನ ಹಿಂದೆ ಅವತ್ತು ದೊಡ್ಡ ಸಾಲೇ ನಿಂತಿತ್ತು. ಅವನೊಬ್ಬನೇ ಬೇರೆ ಅಂತ ಯಾರಿಗೂ ಅನಿಸಲಿಲ್ಲ, ನನಗೆ ಕಣ್ತುಂಬಿ ಬಂದದ್ದು ಅದಕ್ಕೆ. ಸೋಮವಾರ ಬಿಸಿಯೂಟದ ಮೇಲೆ ನೆಲ ಒರೆಸಿದಾಗ ಎಲ್ಲ ಅಳಿಸಿಹೋಯಿತು.

ನಮ್ಮ ಶಾಲೆಗಳ ಗೋಡೆಗೆ ರೈಲಿನ ಬಣ್ಣ ಬಳಿಯುತ್ತೇವೆ, ನಕಾಶೆ ಬರೆಸುತ್ತೇವೆ. ನೆಲ ಮಾತ್ರ ಖಾಲಿ. ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ತಾಲ್ಲೂಕಿನ ಪ್ರತಿ ಪ್ರಾಥಮಿಕ ಶಾಲೆಗೂ ಇಂಥದ್ದೊಂದು ದಾರಿ ಬರೆಸಿಕೊಡಿ. ನುಣುಪು ಟೈಲ್ಸ್ ಮೇಲೆ ಸ್ಟಿಕ್ಕರ್ ಅಂಟಿಸುವುದು ಬೇಡ, ಮಳೆಗಾಲದಲ್ಲಿ ಮಕ್ಕಳು ಜಾರಿ ಬೀಳುತ್ತಾರೆ. ನೆಲದ ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಬಳಿಸಿ. ಗೋಡೆಯ ಅಂಗೈ ಗುರುತುಗಳು ಗಾಲಿಕುರ್ಚಿಯಲ್ಲಿ ಕೂತ ಮಗುವಿಗೂ ಎಟುಕಲಿ. ಎಲ್ಲಿ ಏನು ಬರೆಯಬೇಕೆಂದು ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿಯೇ ಬರೆಸಿ. ಗಿರಗಿರ ತಿರುಗಿದರೆ ಶಾಂತವಾಗುವ ಬದಲು ಇನ್ನಷ್ಟು ಕೆರಳುವ ಮಕ್ಕಳೂ ಇದ್ದಾರೆ. ಇದು ಆಟಿಸಂಗೆ ಮದ್ದೂ ಅಲ್ಲ, ಥೆರಪಿಯ ಬದಲಿಯೂ ಅಲ್ಲ.

ಬಣ್ಣಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಪಾಠದ ನಡುವೆ ಮಗು ಚಡಪಡಿಸಿದರೆ ಎರಡು ನಿಮಿಷ ಆ ದಾರಿಗೆ ಕಳಿಸಲು ಶಿಕ್ಷಕರಿಗೆ ಧೈರ್ಯ ಬೇಕು. ತಪಾಸಣೆಗೆ ಬಂದವರು "ಮಕ್ಕಳು ಹೊರಗೇಕೆ?" ಎಂದು ಗದರಿಸಬಾರದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 16ನೇ ಸೆಕ್ಷನ್, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆ ಒದಗಿಸಬೇಕು ಎನ್ನುತ್ತದೆ. ಬಿಇಒ ಅವರ ಜೊತೆ ಕೂತು ಇದನ್ನೊಂದು ಸುತ್ತೋಲೆಯಾಗಿ ಹೊರಡಿಸಿ.

ಬೇಸಿಗೆ ರಜೆಯಲ್ಲೇ ಕೆಲಸ ಮುಗಿದರೆ ಒಳ್ಳೆಯದು. ಮಕ್ಕಳು ಬರುವಷ್ಟರಲ್ಲಿ ಬಣ್ಣ ಚೆನ್ನಾಗಿ ಒಣಗಿರುತ್ತದೆ. ನಮ್ಮ ಶಾಲೆಯ ವರಾಂಡದ ಅಳತೆ ತೆಗೆದಿಟ್ಟಿದ್ದೇನೆ, ನೀವು ಕರೆದ ದಿನ ತಂದುಕೊಡುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ