ಡ್ಯಾರೆನ್ ಸ್ಟೀವನ್ಸ್‌ಗೆ, ಮೈಸೂರಿನಿಂದ

ಈ ಸೋಮವಾರ ನನ್ನ ಕೆಲಸ ಕಾಯಂ ಆಯಿತು. ಅದಕ್ಕೆ ಎರಡು ದಿನ ಮುಂಚೆ, 2022ರ ಸೆಪ್ಟೆಂಬರ್ 17ಕ್ಕೆ, ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಲ್ಯಾಂಕಷೈರ್ ತಂಡವನ್ನು ಸೋಲಿಸಿ ನಿಮ್ಮ ಕ್ರಿಕೆಟ್ ತಂಡ ಕೆಂಟ್ ಇಂಗ್ಲೆಂಡಿನ ಒನ್‌ಡೇ ಕಪ್ ಗೆದ್ದಿತು. ಇವೆರಡಕ್ಕೂ ಏನಪ್ಪಾ ಸಂಬಂಧ ಅನ್ನಬಹುದು. ನನ್ನ ಮಟ್ಟಿಗೆ ಇದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

2020ರಲ್ಲಿ ನನಗೆ 44. ಹದಿನೆಂಟು ವರ್ಷ ದುಡಿದ ಕಡೆಯಿಂದ ಒಂದು ಫೋನ್ ಬಂತು, ಮುಂದಿನ ತಿಂಗಳಿಂದ ಬರೋದು ಬೇಡ ಅಂತ. ಅಷ್ಟೇ. ಆಮೇಲೆ ಎಲ್ಲೇ ಕೆಲಸ ಕೇಳಿದರೂ ಮೊದಲ ಪ್ರಶ್ನೆ ವಯಸ್ಸೆಷ್ಟು ಅಂತಲೇ ಇರುತ್ತಿತ್ತು. ಮಧ್ಯಾಹ್ನದ ಹೊತ್ತು ಕಳೆಯೋದು ತುಂಬಾ ಕಷ್ಟ ಆಗುತ್ತಿತ್ತು. ಆಗ ನನ್ನ ಭಾಮೈದ ಒಂದು ಯೂಟ್ಯೂಬ್ ಲಿಂಕ್ ಕಳಿಸಿದ. ಭಾವ, ಇದು ಕೌಂಟಿ ಕ್ರಿಕೆಟ್, ಇಂಗ್ಲೆಂಡಿನ ಜಿಲ್ಲಾ ತಂಡಗಳ ಆಟ, ಫ್ರೀ, ಸುಮ್ನೆ ನೋಡ್ತಾ ಇರಿ ಅಂದ. ಅವನಿಗೆ ಮೊದಲ ಥ್ಯಾಂಕ್ಸ್.

ನಮ್ಮ ಮೂರೂವರೆಗೆ ಅಲ್ಲಿ ಆಟ ಶುರು. ಕೋವಿಡ್ ಅಂತ ಮೈದಾನದಲ್ಲಿ ಜನ ಇಲ್ಲ, ಬ್ಯಾಟಿಗೆ ಚೆಂಡು ತಾಗಿದ ಸದ್ದು ಟಕ್ ಅಂತ ಕೇಳುತ್ತಿತ್ತು. ನಾನು ಕೆಂಟ್ ಆರಿಸಿಕೊಂಡಿದ್ದು ನಮ್ಮ ದ್ರಾವಿಡ್ 2000ದಲ್ಲಿ ಅಲ್ಲಿ ಆಡಿದ್ದರು ಅನ್ನುವ ಒಂದೇ ಕಾರಣಕ್ಕೆ. ಅಲ್ಲಿ ನೋಡಿದರೆ ತಲೆಕೂದಲು ಉದುರಿದ, ನನ್ನದೇ ವಯಸ್ಸಿನ ಒಬ್ಬರು ಬೌಲಿಂಗ್ ಮಾಡುತ್ತಿದ್ದಾರೆ! ಹುಡುಕಿ ನೋಡಿದೆ. ಹುಟ್ಟಿದ್ದು 1976. ನಾನೂ 1976.

ಸ್ಟೀವನ್ಸ್ ಅವರೇ, ನಿಮ್ಮ ಬೌಲಿಂಗ್‌ನಲ್ಲಿ ವೇಗ ಇರಲಿಲ್ಲ. ನಾಲ್ಕು ಹೆಜ್ಜೆ ಓಡಿ ಬರುತ್ತಿದ್ದಿರಿ, ಕೀಪರ್ ಸ್ಪಿನ್ನರಿಗೆ ನಿಂತ ಹಾಗೆ ಸ್ಟಂಪಿಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಆದರೆ ಚೆಂಡು ಮಾತ್ರ ಅದೇ ಜಾಗಕ್ಕೆ, ಅದೇ ಆಫ್ ಸ್ಟಂಪಿನ ಮೇಲೆ. ಒಂದು ಸ್ವಲ್ಪ ಒಳಗೆ ಬರುತ್ತಿತ್ತು, ಒಂದು ನೆಟ್ಟಗೆ ಹೋಗುತ್ತಿತ್ತು, ಯಾವುದು ಯಾವುದು ಅಂತ ಬ್ಯಾಟ್ಸ್‌ಮನ್‌ಗೆ ಗೊತ್ತಾಗುವಷ್ಟರಲ್ಲಿ ಕಾಲಿಗೆ ಬಡಿದಿರುತ್ತಿತ್ತು. ಆ ವರ್ಷ 5 ಪಂದ್ಯದಲ್ಲಿ 29 ವಿಕೆಟ್. ನನಗೆ ಹಿಡಿಸಿದ್ದು ವಿಕೆಟ್ ಬೀಳದ ಓವರ್‌ಗಳೇ ಜಾಸ್ತಿ. ಏನೂ ಆಗದಿದ್ದರೂ ವಾಪಸ್ ನಡೆದು ಹೋಗಿ ಮತ್ತೆ ಅದೇ ಜಾಗಕ್ಕೆ ಹಾಕುತ್ತಿದ್ದಿರಿ.

ನಿಮ್ಮ ಹಳೆಯ ಕಥೆ ಓದಿದ್ದು ಆಮೇಲೆ. 1997ರಲ್ಲಿ ಲೆಸ್ಟರ್‌ಷೈರ್‌ನಲ್ಲಿ ಬ್ಯಾಟ್ಸ್‌ಮನ್ ಆಗಿ ಶುರು, 2005ರಲ್ಲಿ ಕೆಂಟ್‌ಗೆ ಬಂದಿರಿ, ನಿಜವಾದ ಬೌಲರ್ ಆಗಿದ್ದು 35ರ ಆಸುಪಾಸಿನಲ್ಲಿ. ಬೇರೆಯವರು ಬೂಟು ಬಿಚ್ಚುವ ವಯಸ್ಸು ಅದು. 2019ರಲ್ಲಿ ಕೆಂಟ್‌ನವರು ಮುಂದಿನ ವರ್ಷಕ್ಕೆ ಕರಾರು ಇಲ್ಲ ಅಂದರು. ನನಗೆ ಬಂದ ಫೋನಿನಂಥದ್ದೇ ಮಾತು ಅಲ್ವಾ! ಅದೇ ಸೆಪ್ಟೆಂಬರ್‌ನಲ್ಲಿ ಹೆಡಿಂಗ್ಲೆಯಲ್ಲಿ ಯಾರ್ಕ್‌ಷೈರ್ ಎದುರು ತಂಡ 39ಕ್ಕೆ 5 ಆಗಿದ್ದಾಗ ನಿಂತು 237 ಹೊಡೆದಿರಿ, ಕೊನೆಯಲ್ಲಿ 20 ರನ್ ಕೊಟ್ಟು 5 ವಿಕೆಟ್ ತೆಗೆದಿರಿ. ಕೆಂಟ್ ಗೆದ್ದಿದ್ದು 433 ರನ್‌ಗಳಿಂದ. ಕರಾರು ಮತ್ತೆ ಬಂತು. ಆಗ ನಿಮಗೆ 43.

2021ರ ಮೇ ತಿಂಗಳನ್ನು ನಾನು ಮರೆಯೋ ಹಾಗಿಲ್ಲ. ಅಪ್ಪ ಕೋವಿಡ್ ವಾರ್ಡಿನಲ್ಲಿದ್ದರು. ಒಳಗೆ ಬಿಡುತ್ತಿರಲಿಲ್ಲ. ಆಸ್ಪತ್ರೆ ಎದುರಿಗೆ ಹೊಂಗೆ ಮರದ ಕೆಳಗೆ ಬೈಕ್ ಮೇಲೆ ಕೂತು, ಯಾವಾಗ ಫೋನ್ ಬರುತ್ತೋ ಅಂತ ಅದನ್ನೇ ಹಿಡಿದುಕೊಂಡಿರುತ್ತಿದ್ದೆ. ಒಂದು ಸಂಜೆ, ಕ್ಯಾಂಟರ್‌ಬರಿಯಲ್ಲಿ ಗ್ಲಾಮೋರ್ಗನ್ ಎದುರು ಕೆಂಟ್ 128ಕ್ಕೆ 8. ನೀವು ಹೊಡೆಯೋಕೆ ಶುರು ಮಾಡಿದಿರಿ. ಮಿಗೆಲ್ ಕಮಿನ್ಸ್ ಜೊತೆ 166 ರನ್ ಸೇರಿತು, ಅದರಲ್ಲಿ ಕಮಿನ್ಸ್ ಹೊಡೆದಿದ್ದು ಒಂದೇ ಒಂದು! ನಿಮ್ಮದು 190 ರನ್, 15 ಸಿಕ್ಸ್. ಪಕ್ಕದಲ್ಲಿ ಯಾರೋ ಒಬ್ಬರು, ಅವರ ತಾಯಿ ಒಳಗಿದ್ದರು, ಏನ್ ಸಾರ್ ಅದು ಅಂತ ಬಗ್ಗಿ ನೋಡಿದರು. ಇಬ್ಬರೂ ಒಂದೇ ಫೋನಿನಲ್ಲಿ ನೋಡಿದೆವು, ಬ್ಯಾಟರಿ ಮುಗಿಯುವ ತನಕ. ಗ್ಲಾಮೋರ್ಗನ್‌ಗೆ ಆಡುತ್ತಿದ್ದ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಲಬುಶೇನ್ ಅವರನ್ನು ನೀವು ಎಲ್‌ಬಿಡಬ್ಲ್ಯೂ ಮಾಡಿದ್ದು ಮನೆಗೆ ಹೋಗಿ ಗೊತ್ತಾಯಿತು. ಅಪ್ಪ ಆಮೇಲೆ ಹುಷಾರಾಗಿ ಮನೆಗೆ ಬಂದರು. ಆ ವಾರ್ಡಿನ ನರ್ಸ್‌ಗಳಿಗೆ ನಾನು ಜೀವನಪೂರ್ತಿ ಋಣಿ.

ಈ ಎರಡು ವರ್ಷ ಮನೆ ನಡೆಸಿದ್ದು ನನ್ನ ಹೆಂಡತಿ. ಹೊಲಿಗೆ ಮಿಷನ್ ಮುಂದೆ ರಾತ್ರಿ ಹನ್ನೊಂದರ ತನಕ ಕೂತಿರುತ್ತಿದ್ದಳು. ಮೂರೂವರೆ ಆದರೆ ಮಾತ್ರ ಎದ್ದು ಕಾಫಿ ಮಾಡಿ, ನಿಮ್ಮ ಮ್ಯಾಚ್ ಶುರುವಾಯ್ತು ನೋಡಿ ಅಂತ ಲೋಟ ಕೈಗೆ ಕೊಡುತ್ತಿದ್ದಳು. ಕೆಲಸ ಹುಡುಕಿದಿರಾ ಅಂತ ಒಂದು ದಿನವೂ ಕೇಳಲಿಲ್ಲ. ಅವಳಿಗೆ ಥ್ಯಾಂಕ್ಸ್ ಹೇಳೋಕೆ ನನಗೆ ಸರಿಯಾದ ಮಾತು ಸಿಕ್ಕಿಲ್ಲ.

ಸ್ಟೀವನ್ಸ್ ಅವರೇ, 2022ರಲ್ಲಿ ನಿಮಗೆ 46. ಒನ್‌ಡೇ ಕಪ್ ಸೆಮಿಫೈನಲ್‌ನಲ್ಲಿ ಹ್ಯಾಂಪ್‌ಷೈರ್ ಎದುರು 65 ಚೆಂಡಿಗೆ 84 ಹೊಡೆದು ಔಟಾಗದೆ ನಿಂತು ಗೆಲ್ಲಿಸಿದಿರಿ, ಕಪ್ ಹಿಡಿದು ಕೆಂಟ್ ಬಿಟ್ಟಿರಿ. ಇಂಗ್ಲೆಂಡ್ ತಂಡಕ್ಕೆ ಒಂದು ಪಂದ್ಯಕ್ಕೂ ನಿಮ್ಮನ್ನು ಕರೆಯಲಿಲ್ಲ, ಅದು ನನಗೆ ಈಗಲೂ ಬೇಜಾರು. ಹೊಸ ಕೆಲಸದ ಕಡೆ ಮೂರೂವರೆಗೇ ಟೀ ಬಿಡುವು ಇದೆ. ಮುಂದೆ ನೀವು ಯಾವ ಊರಿನ ತಂಡಕ್ಕೆ ಆಡಿದರೂ ಆ ಹೊತ್ತಿಗೆ ಸ್ಕೋರ್ ನೋಡಿಯೇ ನೋಡುತ್ತೇನೆ. ತುಂಬಾ ತುಂಬಾ ಥ್ಯಾಂಕ್ಸ್.